ಮೋಜಿ ಬಂದರನ್ನು ಹರಾಜು ಹಾಕಿದ ಬುಧವಾರ

ಮಿಸಾವೊಳ ದನಿ ಹೋದದ್ದು ಮೊಮ್ಮಗಳ ಶಾಲೆಯ ಆಟೋಟದ ದಿನ. ಹಗ್ಗಜಗ್ಗಾಟದಲ್ಲಿ ಮೊಮ್ಮಗಳ ತಂಡ ಸೋಲುವ ಹಾಗೆ ಕಂಡಿತಂತೆ. ಅಜ್ಜಿ ಮೈದಾನದ ಅಂಚಿಗೇ ಹೋಗಿ ನಿಂತು ಕೂಗಿದಳು. ತಂಡ ಗೆದ್ದಿತು, ಗಂಟಲು ಸೋತಿತು. ಇದನ್ನೆಲ್ಲ ಆಮೇಲೆ ಅವಳ ಸೊಸೆ ನನಗೆ ಹೇಳಿದಳು. ಬುಧವಾರ ಬೆಳಿಗ್ಗೆ ನನ್ನ ಬಾಗಿಲು ಬಡಿದು ನಿಂತ ಮಿಸಾವೊ ಬಾಯಿ ತೆರೆದಾಗ ಸೈಕಲ್ ಪಂಪಿನಂಥ ಸದ್ದು ಬಿಟ್ಟರೆ ಬೇರೇನೂ ಹೊರಡಲಿಲ್ಲ.

"ಏನಾಯ್ತೇ ಮಿಸಾ-ಚಾನ್?" ಅಂದೆ.

ಅವಳು ಗಂಟಲು ಮುಟ್ಟಿ ತೋರಿಸಿದಳು. ಆಮೇಲೆ ದೋಣಿಕಟ್ಟೆಯ ಕಡೆಗೆ ಬೆರಳು ಮಾಡಿದಳು. ಕೊನೆಗೆ ಆ ಬೆರಳು ನನ್ನ ಬಾಯಿಯ ಕಡೆ ತಿರುಗಿತು.

"ನಾನಾ? ಅಯ್ಯೋ, ಇವತ್ತು ನನಗೆ ರಜಾ ಕಣೆ. ರಾಶಿ ಬಟ್ಟೆ ಬಿದ್ದಿದೆ."

ಅವಳು ನನ್ನ ಕೋಟನ್ನು ಮೊಳೆಯಿಂದ ತೆಗೆದು ನನ್ನ ಹೆಗಲಿಗೇ ಹಾಕಿದಳು. ಮಿಸಾವೊ ಜೊತೆ ಒಂದನೇ ಕ್ಲಾಸಿನಿಂದ ಒಂದೇ ಬೆಂಚಿನಲ್ಲಿ ಕೂತವಳು ನಾನು. ಅವಳು ಕೋಟು ತೊಡಿಸಿದಳು ಅಂದರೆ ಮಾತು ಮುಗಿಯಿತು.

ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ಪುಟ್ಟ ಹೋಟೆಲು. ಅನ್ನ, ಅದರ ಮೇಲೆ ಮಸಾಲೆಯ ಕರ್ರಿ, ಅದರ ಮೇಲೆ ಮೊಟ್ಟೆ ಮತ್ತು ಚೀಸು ಹಾಕಿ ಒಲೆಯಲ್ಲಿ ಬೇಯಿಸಿ ಕೊಡುವುದು, ಅಷ್ಟೇ ನನ್ನ ವಿದ್ಯೆ. ಮಿಸಾವೊಳದು ಬೇರೆ. ಗಂಡ ಸೆಯ್ಕಿಚಿ ತೀರಿಕೊಂಡ ಮೇಲೆ ಅವಳು ಊರಿನ ಗೈಡುಗಳ ಗುಂಪಿಗೆ ಸೇರಿದ್ದಳು. ಹಳದಿ ಬಾವುಟ ಹಿಡಿದು ಹೊರಟಳೆಂದರೆ ಯಾವ ಕಟ್ಟಡ ಯಾವಾಗ ಎದ್ದಿತು, ಯಾರು ಕಟ್ಟಿಸಿದರು, ಇಟ್ಟಿಗೆ ಎಲ್ಲಿಂದ ಬಂತು, ಎಲ್ಲ ಬಾಯಿಪಾಠ. ನಾನು ಹುಟ್ಟಿದಾಗಿನಿಂದ ಇದೇ ಊರಲ್ಲಿದ್ದರೂ ಸ್ಟೇಷನ್ನು ಅಂದರೆ ನನಗೆ ರೈಲು ಹತ್ತುವ ಜಾಗ.

ಆ ದಿನ ಬರುವವರು ಬೇರೆ ಎಂಥವರು! ಎದುರು ದಂಡೆಯ ಶಿಮೊನೊಸೆಕಿಯವರು, ಅಲ್ಲಿನ ಮೀನು ಮಾರುಕಟ್ಟೆಯ ಹೆಂಗಸರ ಸಂಘದವರು. ನಡುವೆ ಇರುವುದು ಒಂದು ಜಲಸಂಧಿ. ದೋಣಿಯಲ್ಲಿ ಕೂತು ಕೈಚೀಲ ಸರಿಮಾಡಿಕೊಳ್ಳುವಷ್ಟರಲ್ಲಿ ಈ ದಂಡೆ ಬಂದುಬಿಡುತ್ತದೆ. ಅವರಿಗೆ ನಮ್ಮ ಮೋಜಿ ಊರು ಹೊಸದೇ?

ದೋಣಿಯಿಂದ ಮೊದಲು ಇಳಿದವರು ಸಂಘದ ಅಧ್ಯಕ್ಷೆ ತೊಕುಮೊತೊ-ಸಾನ್. ಗಟ್ಟಿಮುಟ್ಟಾದ ಆಳು, ಮಾರುಕಟ್ಟೆಯಲ್ಲಿ ಕೂಗಿ ಕೂಗಿ ಪಳಗಿದ ಕಂಠ.

"ನಾವು ಹೋಗಬೇಕಾಗಿದ್ದದ್ದು ಬಿಸಿನೀರಿನ ಬುಗ್ಗೆಗೆ ಕಣ್ರೀ," ಎಂದು ಅವರು ನೆಲಕ್ಕೆ ಕಾಲಿಟ್ಟ ಕೂಡಲೇ ಸಾರಿದರು. "ಗುಡ್ಡ ಕುಸಿದು ರಸ್ತೆ ಬಂದ್ ಆಯ್ತು. ಮನೇಲಿ ಎಲ್ಲರೂ ಡಬ್ಬಿ ಕಟ್ಟಿಕೊಂಡು ರೆಡಿಯಾಗಿದ್ದರು, ಎಲ್ಲಿಗಾದರೂ ಹೋಗಲೇಬೇಕಲ್ಲ. ಅದಕ್ಕೆ ಇಲ್ಲಿಗೆ ಬಂದ್ವಿ."

"ಬಹಳ ಸಂತೋಷ," ಅಂದೆ ನಾನು.

"ನಮಗೇನೂ ಸಂತೋಷ ಇಲ್ಲ," ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು.

ಸ್ಟೇಷನ್ನಿನ ಮುಂದಿನ ಬಯಲಿಗೆ ಕರೆದುಕೊಂಡು ಹೋದೆ. ಮಿಸಾವೊ ಬಾವುಟ ಎತ್ತಿ ಹಿಡಿದು ಪಕ್ಕದಲ್ಲಿ ನಿಂತಳು, ನನಗೆ ಮೊಣಕೈಯಿಂದ ತಿವಿದಳು.

"ಇದು ಸ್ಟೇಷನ್ನು," ಅಂದೆ.

"ಹೌದಾ," ಅಂದರು ತೊಕುಮೊತೊ-ಸಾನ್.

"ಬಹಳ ಹಳೇದು. ಮರದ್ದು. ರೈಲಿನ ಹಳಿ ಇಲ್ಲಿಗೇ ಮುಗಿಯುತ್ತೆ. ಮುಂದಕ್ಕೆ ಹೋದರೆ ಸಮುದ್ರ."

"ಯಾವಾಗ ಕಟ್ಟಿದ್ದು?"

ನಾನು ಮಿಸಾವೊ ಕಡೆ ನೋಡಿದೆ. ಅವಳು ಬೆರಳುಗಳಲ್ಲಿ ಇಸವಿ ತೋರಿಸತೊಡಗಿದಳು. ನನಗೆ ಅದು ಗಿರಾಕಿಗಳು ಊಟ ಎಷ್ಟು ಜನಕ್ಕೆ ಎಂದು ತೋರಿಸಿದ ಹಾಗೆ ಕಂಡಿತು. "ನಮ್ಮಜ್ಜಿ ಮದುವೆಯಾದ ಕಾಲದಲ್ಲಿ," ಅಂದೆ. ಮಿಸಾವೊ ಕಣ್ಣು ಮುಚ್ಚಿಕೊಂಡಳು.

ಅಷ್ಟರಲ್ಲಿ ಸೈಕಲ್ ಬಾಡಿಗೆ ಅಂಗಡಿಯ ಮೂಲೆಯಿಂದ ಪಟಾರ್ ಎಂದು ಸದ್ದು ಬಂತು. ಆಮೇಲೆ ಇನ್ನೊಂದು. ಕಾಗದದ ಮಡಿಕೆಬೀಸಣಿಗೆಯಿಂದ ಹಲಗೆಗೆ ಹೊಡೆಯುವ ಸದ್ದು ಅದು. ಕುರಾತೊಮಿ-ಸಾನ್ ಅಭ್ಯಾಸ ಮಾಡುತ್ತಿದ್ದರು.

ನಮ್ಮ ಊರಿನವರು ಹಿಂದೆ ತೈವಾನಿನಿಂದ ಹಡಗಿನಲ್ಲಿ ಬಂದ ಬಾಳೆಹಣ್ಣನ್ನು ಹೀಗೆ ಮಾರುತ್ತಿದ್ದರು. ದಾರಿಯಲ್ಲೇ ಹಣ್ಣಾಗಿಬಿಟ್ಟದ್ದನ್ನು ಕೊಳೆಯುವ ಮೊದಲು ಸಾಗಹಾಕಬೇಕಲ್ಲ, ಅದಕ್ಕೆ ಹಲಗೆ ಬಡಿದು, ಪ್ರಾಸ ಕಟ್ಟಿ, ಜನರನ್ನು ನಗಿಸಿ ಮಾರುವುದು. ಈಗ ಹಣ್ಣಿಗೆ ಅಂಥ ಅವಸರವಿಲ್ಲ, ಆದರೆ ಆಟ ಉಳಿದಿದೆ. ರಜಾದಿನಗಳಲ್ಲಿ ಒಂದು ಸಂಘದವರು ಬಯಲಿನಲ್ಲಿ ನಿಂತು ಆಡಿ ತೋರಿಸುತ್ತಾರೆ. ಅವರಲ್ಲಿ ಎಲ್ಲರಿಗಿಂತ ಬಾಯಿ ಜೋರು ಇದ್ದದ್ದು ಮಿಸಾವೊಳ ಗಂಡ ಸೆಯ್ಕಿಚಿಗೆ. ಅವನು ಹೋದ ಮೇಲೆ ಅವನ ಹಲಗೆಯ ಹಿಂದೆ ನಿಂತವರು ಕುರಾತೊಮಿ ಇವಾವೊ. ಸೆಯ್ಕಿಚಿಯ ಜೊತೆ ಹಡಗು ಎಳೆಯುವ ದೋಣಿಯಲ್ಲಿ ಬಹಳ ವರ್ಷ ಎಂಜಿನ್ ನೋಡಿಕೊಂಡವರು. ಮದುವೆ ಆಗಲಿಲ್ಲ. ಯಾಕೆಂದು ಕೇಳಿದರೆ ಎಂಜಿನ್ನಿನ ಗದ್ದಲದಲ್ಲಿ ಯಾರು ಕೇಳಿದ್ದೂ ಕೇಳಿಸಲಿಲ್ಲ ಎನ್ನುತ್ತಿದ್ದರು.

ಕಳೆದ ವಸಂತದಲ್ಲಿ ಮಿಸಾವೊ ಪ್ರವಾಸಿ ಕಚೇರಿಗೆ ಹೋಗಿ, ಹಲಗೆಯ ಗದ್ದಲದಿಂದ ಗೈಡುಗಳ ಮಾತು ಜನರಿಗೆ ಕೇಳುತ್ತಿಲ್ಲ ಎಂದು ದೂರು ಕೊಟ್ಟಳು. ಕುರಾತೊಮಿ-ಸಾನ್ ಅವರ ಹಲಗೆ ಬಯಲಿನ ನಡುವಿನಿಂದ ಸೈಕಲ್ ಅಂಗಡಿಯ ಮೂಲೆಗೆ ಹೋಯಿತು. ಆಗಿನಿಂದ ಇಬ್ಬರಿಗೂ ಮಾತಿಲ್ಲ. ಅವರು ನನಗೆ ಬಗ್ಗಿ ನಮಸ್ಕಾರ ಮಾಡುವುದು, ಪಕ್ಕದಲ್ಲಿರುವ ಮಿಸಾವೊಳನ್ನು ದೀಪದ ಕಂಬದ ಹಾಗೆ ನೋಡುವುದು.

ತೊಕುಮೊತೊ-ಸಾನ್‌ಗೆ ಇದೊಂದೂ ಗೊತ್ತಿರಲಿಲ್ಲ. "ಅಲ್ನೋಡ್ರೇ, ಬಾಯಿ ಇರೋನು ಒಬ್ಬ ಇದಾನೆ!" ಎಂದವರೇ ಆ ಕಡೆ ಹೊರಟುಬಿಟ್ಟರು. ಹಿಂದೆ ಇಡೀ ಸಂಘ. ನಾನೂ ಮಿಸಾವೊಳೂ ಓಡಿ ತಲುಪುವ ಹೊತ್ತಿಗೆ ಕುರಾತೊಮಿ-ಸಾನ್ ಗೋಡೆಗೆ ಒತ್ತಿಕೊಂಡು ನಿಂತಿದ್ದರು.

"ಈ ಅಮ್ಮನಿಗೆ ದನಿ ಇಲ್ಲ, ಆ ಅಮ್ಮನಿಗೆ ವಿಷಯ ಇಲ್ಲ," ಎಂದು ತೊಕುಮೊತೊ-ಸಾನ್ ನಮ್ಮಿಬ್ಬರನ್ನೂ ತೋರಿಸಿದರು. "ನೀವಾದ್ರೂ ಊರು ತೋರಿಸ್ರೀ."

"ನಾನು ಬಾಳೆಹಣ್ಣು ಮಾರೋನು," ಅಂದರು ಕುರಾತೊಮಿ-ಸಾನ್.

"ಊರನ್ನೇ ಮಾರಿ!"

ಅವರು ಮಿಸಾವೊ ಕಡೆ ನೋಡಿದರು. ಮಿಸಾವೊ ಸಮುದ್ರದ ಕಡೆ ನೋಡಿದಳು. ಗಾಳಿಗೆ ಬಾವುಟ ಪಟಪಟ ಅನ್ನುತ್ತಿತ್ತು. ಆಮೇಲೆ ಅವಳು ತಿರುಗದೆಯೇ ಕೈ ಚಾಚಿ ಬಾವುಟದ ಕೋಲನ್ನು ಅವರ ಕಡೆಗೆ ಹಿಡಿದಳು. ತಗೊಳ್ಳಿ ಅನ್ನುವ ಹಾಗೂ ಇತ್ತು, ತೊಲಗಿ ಅನ್ನುವ ಹಾಗೂ ಇತ್ತು. ಕುರಾತೊಮಿ-ಸಾನ್ ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡರು.

ಬಾವುಟವನ್ನು ಸೊಂಟಕ್ಕೆ ಸಿಕ್ಕಿಸಿ, ಬೀಸಣಿಗೆಯನ್ನು ಅಂಗೈಗೆ ಪಟಾರೆಂದು ಹೊಡೆದು ಸ್ಟೇಷನ್ನಿನ ಮುಂದೆ ನಿಂತರು.

"ಬನ್ನಿ ಬನ್ನಿ ಅಕ್ಕಂದಿರೇ! ಮೊದಲನೇ ಮಾಲು! ನೂರು ದಾಟಿದ ಮುದುಕ, ಆದರೂ ಬೆನ್ನು ಬಾಗಿಲ್ಲ. ಮೊನ್ನೆ ಮೊನ್ನೆ ಮೈಯೆಲ್ಲ ರಿಪೇರಿಯಾಗಿದೆ, ತಲೆಗೆ ಹೊಸ ಟೋಪಿ. ಕುಡಿಯಲ್ಲ, ಗೊರಕೆ ಹೊಡೆಯಲ್ಲ, ಬೆಳಿಗ್ಗೆ ಮೊದಲನೇ ರೈಲಿಗೇ ಎದ್ದು ಕೂತಿರ್ತಾನೆ! ಯಾರು ಕರ್ಕೊಂಡು ಹೋಗ್ತೀರಿ?"

"ಮನೇಲಿರೋ ಮುದುಕನ ಬದಲಿಗೆ ಕೊಡ್ತೀರೇನ್ರೀ?" ಎಂದರು ತೊಕುಮೊತೊ-ಸಾನ್.

"ಹಳೇ ಸಾಮಾನು ವಾಪಸ್ ತಗೊಳ್ಳಲ್ಲ!"

ಬಂದಾಗಿನಿಂದ ಮುಖ ಗಂಟು ಹಾಕಿಕೊಂಡಿದ್ದವರೆಲ್ಲ ಈಗ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಪಕ್ಕದ ಕಿತ್ತಳೆ ಬಣ್ಣದ ಗೋಪುರದ ಕಟ್ಟಡಕ್ಕೆ ಬಂದರು. "ಎಂಟು ಮೂಲೆಯ ಗೋಪುರ! ಹೆಂಡತಿ ಬೈದಾಗ ಗಂಡ ಯಾವ ಮೂಲೇಲಿ ಹೋಗಿ ಕೂತ್ಕೊಳ್ಳೋದು ಅಂತ ಯೋಚನೆಯೇ ಬೇಡ. ಹಿಂದೆ ಇದು ಹಡಗು ಕಂಪನಿಯ ಆಫೀಸು, ಮೆಯ್ಜಿ ಚಕ್ರವರ್ತಿಯ ಕಾಲದ್ದು..."

ಮಿಸಾವೊ ಅವರ ಬೆನ್ನಿಗೆ ತಟ್ಟಿ ತಲೆ ಅಲ್ಲಾಡಿಸಿದಳು.

"ಗುರುಗಳು ಅಲ್ಲ ಅಂತಿದಾರೆ. ತೈಶೊ ಕಾಲದ್ದಾ?"

ಅವಳು ತಲೆದೂಗಿದಳು.

"ತೈಶೊ ಕಾಲದ್ದು! ಮೆಯ್ಜಿಯ ಮಗನ ಕಾಲ! ನೋಡಿ, ಮಾಲು ಇನ್ನೂ ತಾಜಾ!"

ಮುಂದೆ ಜಲಸಂಧಿಯ ಅಂಚಿಗೆ ಹೋಗಿ ನೀರನ್ನೂ ಹರಾಜಿಗಿಟ್ಟರು. "ದಿನಕ್ಕೆ ನಾಲ್ಕು ಸಲ ಮನಸ್ಸು ಬದಲಾಯಿಸೋ ನೀರು! ಈಗ ಆ ಕಡೆ ಹರಿಯುತ್ತೆ, ಊಟ ಆದ್ಮೇಲೆ ಈ ಕಡೆ. ಎಂಥೆಂಥ ಹಡಗಿನ ಕ್ಯಾಪ್ಟನ್ನೂ ಇಲ್ಲಿ ಟೋಪಿ ತೆಗೆದು ನಿಲ್ಲಬೇಕು!"

"ಏ, ನಿಲ್ಲಿಸ್ರೀ!" ತೊಕುಮೊತೊ-ಸಾನ್ ಕೈ ಎತ್ತಿದರು. "ಅದರಲ್ಲಿ ಅರ್ಧ ನಮ್ಮದು. ಮಾರೋಕೆ ನೀವ್ಯಾರು?"

"ಯಾವ ಅರ್ಧ?"

"ಮೀನಿರೋ ಅರ್ಧ!"

ಹೀಗೇ ಸಾಗಿತ್ತು. ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರಾದ ಒಬ್ಬರು, ಕೋಲೂರಿಕೊಂಡು ನಿಧಾನವಾಗಿ ನಡೆಯುವವರು, ತಿರುಗಿ ಬರುವಾಗ ಸ್ಟೇಷನ್ನಿನ ಒಳಗೆ ಹೋಗಿ ಕೂರಬೇಕೆಂದರು. ಅಲ್ಲಿ ಗೋಡೆಯ ಪಕ್ಕ ಹಳೆಯ ನಲ್ಲಿಯೊಂದಿದೆ. ಯುದ್ಧ ಮುಗಿದು ಹೊರದೇಶಗಳಿಂದ ಹಡಗಿನಲ್ಲಿ ಮರಳಿದವರು ಸ್ವಂತ ನೆಲದ ನೀರು ಅಂತ ಮೊದಲು ಬಾಯಿ ಹಚ್ಚಿದ್ದು ಅದಕ್ಕೆ. "ಮರಳಿ ಬಂದವರ ನೀರು" ಎಂದೇ ನಾವು ಕರೆಯುವುದು. ಅಜ್ಜಿ ಕೋಲನ್ನು ಗೋಡೆಗೆ ಒರಗಿಸಿ, ಬೊಗಸೆಯಲ್ಲಿ ನೀರು ಹಿಡಿದು ಕುಡಿದರು. ಹೆಂಗಸರೆಲ್ಲ ಇನ್ನೂ ನಗುತ್ತಲೇ ಇದ್ದರು.

"ಇದು ಎಷ್ಟಕ್ಕೆ ಹೋಗುತ್ತಪ್ಪಾ?" ಎಂದು ಯಾರೋ ಕೇಳಿದರು.

ಕುರಾತೊಮಿ-ಸಾನ್ ಬೀಸಣಿಗೆಯನ್ನು ಮಡಿಸಿ ಅಂಗಿಯೊಳಗೆ ಇಟ್ಟುಕೊಂಡರು.

"ಇದನ್ನ ಮಾರಲ್ಲ," ಅಂದರು. ಅವರ ದನಿ ಒಮ್ಮೆಲೇ ಸಾಮಾನ್ಯ ಮನುಷ್ಯನ ದನಿಯಾಗಿತ್ತು.

ಅಜ್ಜಿ ಮುಖ ಒರೆಸಿಕೊಂಡರು. "ನಮ್ಮಪ್ಪ ಇಲ್ಲೇ ಕುಡಿದದ್ದು. ಆಮೇಲೆ ದೋಣಿ ಹತ್ತಿ ಮನೆಗೆ ಬಂದ. ನಾನು ಅವನನ್ನ ನೋಡಿ ಹೆದರಿ ಅಮ್ಮನ ಹಿಂದೆ ಬಚ್ಚಿಟ್ಟುಕೊಂಡಿದ್ದೆನಂತೆ. ಇಷ್ಟು ಹತ್ತಿರ ಇದ್ದೂ ಒಂದು ದಿನಾನೂ ಬಂದು ನೋಡಿರಲಿಲ್ಲ, ನೋಡಿ." ಹೇಳಿ, ಅವರು ಮತ್ತೊಂದು ಬೊಗಸೆ ಕುಡಿದರು. ಕುರಾತೊಮಿ-ಸಾನ್ ಕೋಲು ಎತ್ತಿ ಕೊಟ್ಟರು. ಮಿಸಾವೊ ಅವರನ್ನೇ ನೋಡುತ್ತಿದ್ದಳು. ವಸಂತದಿಂದೀಚೆಗೆ ಅವಳು ಅವರ ಮುಖ ನೋಡಿದ್ದು ಅದೇ ಮೊದಲು ಅಂತ ಕಾಣುತ್ತದೆ.

ಆಮೇಲೆ ಸೇತುವೆ. ಬಂದರಿನ ಒಳಗಿನ ಪುಟ್ಟ ಕೊಲ್ಲಿಗೆ ಅಡ್ಡವಾಗಿ ನಡೆಯುವವರಿಗಷ್ಟೇ ಇರುವ ನೀಲಿ ಸೇತುವೆ ಅದು. ದೋಣಿಗಳಿಗೆ ದಾರಿ ಬಿಡಲು ಆಗಾಗ ಎರಡು ರೆಕ್ಕೆಯ ಹಾಗೆ ಮೇಲಕ್ಕೆ ತೆರೆದುಕೊಳ್ಳುತ್ತದೆ. ನಾವು ಹೋಗುವ ಹೊತ್ತಿಗೆ ಅದು ಆಗತಾನೇ ತೆರೆದಿತ್ತು. ಹೆಂಗಸರು ಬಾಳೆಹಣ್ಣಿನ ಐಸ್‌ಕ್ರೀಮು ಕಂಡು ಅತ್ತ ನುಗ್ಗಿದರು. ಅಡ್ಡಗಟ್ಟಿದ ಸರಪಳಿಯ ಹತ್ತಿರ ಉಳಿದವರು ನಾವು ಮೂವರೇ.

ನಾನು ನೀರು ನೋಡುವವಳ ಹಾಗೆ ನಿಂತೆ. ಕಿವಿ ಮಾತ್ರ ಇತ್ತಲೇ ಇತ್ತು.

"ಶಿಗೆಮಾತ್ಸು-ಸಾನ್, ತಪ್ಪಾಗಿದ್ದರೆ ಕ್ಷಮಿಸಬೇಕು," ಎಂದು ಕುರಾತೊಮಿ-ಸಾನ್ ಮಿಸಾವೊಳನ್ನು ಮನೆತನದ ಹೆಸರಿನಿಂದ ಕರೆದು ಹೇಳಿದರು. "ಇಸವಿಗಳು ನನಗೆ ಬರಲ್ಲ."

ಮಿಸಾವೊ ಕೆಮ್ಮಿದಳು. ಆಮೇಲೆ ಪಿಸುದನಿಯಲ್ಲಿ, ಒಂದೊಂದೇ ಪದವನ್ನು ಎಳೆದು ತೆಗೆದು ಹೇಳಿದಳು: "ಗದ್ದಲ ಅಂತ ದೂರು ಕೊಟ್ಟದ್ದು... ಗದ್ದಲಕ್ಕಲ್ಲ."

"ಮತ್ತೆ?"

"ನೀವು ಹೇಳ್ತಿದ್ದದ್ದೆಲ್ಲ ನಮ್ಮವರ ಮಾತು. ಅವರ ನಗೆ, ಅವರ ಪ್ರಾಸ, ಅವರು ಉಸಿರು ತಗೊಳ್ತಿದ್ದ ಜಾಗವೂ ಅದೇ. ಬಯಲು ದಾಟುವಾಗ ಕೇಳಿದರೆ... ಅವರೇ ಅಲ್ಲಿ ನಿಂತಿದಾರೆ ಅನ್ಸೋದು. ತಿರುಗಿ ನೋಡಿದರೆ ನೀವು."

ಕುರಾತೊಮಿ-ಸಾನ್ ತೆರೆದ ಸೇತುವೆಯ ಕಡೆ ತಿರುಗಿದರು. "ನನಗೆ ಬೇರೆ ಏನು ಬರುತ್ತೆ? ಎಂಜಿನ್ ಕೋಣೇಲಿ ಅವನ ಬಾಯಿಂದ ಕೇಳಿ ಕಲಿತದ್ದು ಅಷ್ಟೇ. ಅವನು ಹೋದ್ಮೇಲೆ ಅದೂ ಹೋಗಿಬಿಡಬಾರದು ಅಂತ ಹಿಡ್ಕೊಂಡೆ."

"ಅದು ನನಗೆ ಯೋಚನೆಗೇ ಬರಲಿಲ್ಲ."

"ಹೇಳಿದ್ದರೆ ಅವತ್ತೇ ನಿಲ್ಲಿಸ್ತಿದ್ದೆ."

"ನಿಲ್ಲಿಸೋದೂ ಬೇಡ ಅಂತಲೇ... ಹೇಳಲಿಲ್ಲ," ಅಂದಳು ಮಿಸಾವೊ. ಸ್ವಲ್ಪ ತಡೆದು, "ಇವತ್ತು ಹೇಳಿದ್ದು ಯಾರದು? ಮುದುಕ, ಟೋಪಿ, ಎಂಟು ಮೂಲೆ?"

"ಅದು ನನ್ನದೇ. ಬಾಯಿಗೆ ಬಂದದ್ದು. ಚೆನ್ನಾಗಿರಲಿಲ್ಲ ಅಲ್ವಾ?"

"ಚೆನ್ನಾಗಿರಲಿಲ್ಲ," ಅಂದಳು. ಹೇಳಿ ನಗತೊಡಗಿದಳು. ದನಿಯಿಲ್ಲದ ನಗು. ಹೆಗಲು ಮಾತ್ರ ಕುಣಿಯುತ್ತಿತ್ತು. ಅದನ್ನು ಕಂಡು ಅವರೂ ನಕ್ಕರು.

ಗಂಟೆಯ ನಾದ ಕೇಳಿತು, ಸೇತುವೆ ಕೆಳಗಿಳಿದು ಕೂಡಿಕೊಂಡಿತು, ಕಾವಲಿನವನು ಸರಪಳಿ ತೆಗೆದ. ಮಿಸಾವೊಗೆ ನಿಂತು ಕಾಯುವ ಜಾಯಮಾನವೇ ಇಲ್ಲ. ದಾರಿ ಬಿಟ್ಟದ್ದೇ ತಡ ನಡೆದುಬಿಟ್ಟಳು. ಇಟ್ಟಿಗೆಯ ಹಳೇ ಸುಂಕದ ಮನೆ ಯಾವ ಇಸವಿಯದು, ಈಗಲೇ ಹೇಳಿಬಿಡಿ ಎನ್ನುತ್ತ ಕುರಾತೊಮಿ-ಸಾನ್ ಬಾವುಟದೊಂದಿಗೆ ಅವಳ ಹಿಂದೆ ಓಡಿದರು, ನಡುವಿನಲ್ಲಿ ಅವಳನ್ನು ಸೇರಿಕೊಂಡರು. ಅವಳು ಬೆರಳು ಮಡಿಸಿ ಇಸವಿ ಹೇಳುತ್ತಿದ್ದಳು, ಅವರು ಬಗ್ಗಿ ನೋಡುತ್ತಿದ್ದರು. ಹಾಗೆಯೇ ಇಬ್ಬರೂ ಆ ಬದಿ ತಲುಪಿದರು.

ನನಗೆ ಥಟ್ಟನೆ ನೆನಪಾಯಿತು. ತೆರೆದು ಮತ್ತೆ ಕೂಡಿಕೊಂಡ ಸೇತುವೆಯನ್ನು ಎಲ್ಲರಿಗಿಂತ ಮೊದಲು ದಾಟಿದ ಜೋಡಿ ಜೀವಮಾನವಿಡೀ ಬೇರೆಯಾಗುವುದಿಲ್ಲ ಎಂದು ಊರಿನಲ್ಲಿ ಒಂದು ಮಾತಿದೆ. ಹರೆಯದವರು ಇದಕ್ಕೆಂದೇ ಸರಪಳಿಯ ಹತ್ತಿರ ಸಾಲು ನಿಲ್ಲುತ್ತಾರೆ. ಅಂದು ವಾರದ ನಡುವಿನ ದಿನ, ಒಬ್ಬರೂ ಇರಲಿಲ್ಲ.

ಆ ಮಾತು ಎದುರು ದಂಡೆಗೂ ದಾಟಿತ್ತು ಅಂತ ಕಾಣುತ್ತದೆ. ಐಸ್‌ಕ್ರೀಮು ಹಿಡಿದ ತೊಕುಮೊತೊ-ಸಾನ್ ಹಿಂದಿನಿಂದ ಮಾರುಕಟ್ಟೆಯ ಕಂಠದಲ್ಲಿ ಕೂಗಿದರು: "ಮೊದಲ ಜೋಡಿ! ಇವತ್ತಿನ ಮೊದಲ ಜೋಡಿ! ಚಪ್ಪಾಳೆ ಹೊಡೀರೇ!"

ಸಂಘವೆಲ್ಲ ಚಪ್ಪಾಳೆ ತಟ್ಟಿತು. ಕಾವಲಿನವನೂ ತಟ್ಟಿದ. ಮಿಸಾವೊ ತಿರುಗಿದಳು. ಅವಳ ಕಿವಿ ಕೆಂಪಾಗಿದ್ದದ್ದು ನನಗೆ ಅಷ್ಟು ದೂರದಿಂದಲೂ ಕಂಡಿತು. ಬಾಯಿ ತೆರೆದಳು.

"ಮುಚ್ಚ್ರೀ ಬಾಯಿ!"

ಹಗ್ಗಜಗ್ಗಾಟದ ದಿನದಿಂದ ಕಾಣೆಯಾಗಿದ್ದ ದನಿ ಇಡೀ ಕೊಲ್ಲಿಗೆ ಕೇಳುವ ಹಾಗೆ ಹೊರಟಿತು. ಒಂದೇ ಸಲ, ಕೋಳಿ ಕೂಗಿದ ಹಾಗೆ. ಮತ್ತೆ ಹೋಯಿತು. ಕುರಾತೊಮಿ-ಸಾನ್ ಬಾವುಟದಿಂದ ಮುಖ ಮುಚ್ಚಿಕೊಂಡಿದ್ದರು.

ರಜಾ ಇದ್ದರೂ ಮಧ್ಯಾಹ್ನ ನಾನು ಒಲೆ ಹಚ್ಚಬೇಕಾಯಿತು. ಕೂರಲು ಜಾಗ ಸಾಲದೆ ಅರ್ಧ ಜನ ಗಲ್ಲಿಯಲ್ಲಿ ಬಿಯರ್ ಪೆಟ್ಟಿಗೆಗಳ ಮೇಲೆ ಕೂತು ತಿಂದರು. ಮನೆಯಿಂದ ಕಟ್ಟಿ ತಂದ ಡಬ್ಬಿಗಳೂ ತೆರೆದುಕೊಂಡವು. ಚೀಸು ನಾಲಿಗೆ ಸುಡುತ್ತದೆಂದು ಬೈಯುತ್ತಲೇ ತಟ್ಟೆ ಕೆರೆದರು. ಹೊರಡುವಾಗ ತೊಕುಮೊತೊ-ಸಾನ್ ನನ್ನ ಕೈ ಹಿಡಿದು, "ಬುಗ್ಗೆಗೆ ಹೋಗಿದ್ದರೆ ಬರೀ ನೆನೆದು ಬರ್ತಿದ್ವಿ," ಅಂದರು. ಅವರಿಂದ ಬಂದ ಹೊಗಳಿಕೆ ಅದೊಂದೇ, ಅದನ್ನು ನಾನು ಇಟ್ಟುಕೊಂಡೆ.

ಆಮೇಲಿನ ದಿನಗಳು ಅಷ್ಟು ಸಲೀಸಾಗಿರಲಿಲ್ಲ. ಯಾರೋ ತೆಗೆದ ಸೇತುವೆಯ ಫೋಟೊ ಎರಡೂ ದಂಡೆಯ ಫೋನುಗಳಲ್ಲಿ ಓಡಾಡಿತು. ಮೀನಂಗಡಿಯವನು ಮಿಸಾವೊಗೆ "ಇಬ್ಬರಿಗೆ ಕಟ್ಟಲಾ?" ಎಂದು ಕೇಳಿದ. ಅವಳು ಅಂಗಡಿಯನ್ನೇ ಬದಲಾಯಿಸಿದಳು. ಕುರಾತೊಮಿ-ಸಾನ್ ಅಂತೂ ನಾಚಿಕೆಗೆ ಬಯಲಿನ ಕಡೆಗೇ ಬರುವುದನ್ನು ಬಿಟ್ಟರು. ಅವರ ಹಲಗೆ ಸೈಕಲ್‌ಗಳ ಪಕ್ಕ ಗೋಡೆಗೆ ಒರಗಿಕೊಂಡೇ ಇತ್ತು.

ಒಂದು ಮಧ್ಯಾಹ್ನ ಮಿಸಾವೊ ನನ್ನ ಹೋಟೆಲಿಗೆ ಬಂದು ಕೂತು, ಊಟ ಮುಟ್ಟದೆ, "ಇದೇನು ಹುಡುಗಾಟ ಕಿನು-ಚಾನ್? ಇಷ್ಟು ವಯಸ್ಸಾದ ಮನುಷ್ಯ ಒಂದು ಸೇತುವೆಗೆ ಹೆದರಿ ಮನೇಲಿ ಕೂತಿದಾನೆ," ಅಂದಳು.

"ನೀನು ಮೀನಂಗಡಿಗೆ ಹೆದರಿದ್ದೀಯಲ್ಲ."

ಅವಳು ನನ್ನನ್ನು ದುರುಗುಟ್ಟಿ ನೋಡಿ ಎದ್ದಳು. ಮೊದಲು ಪ್ರವಾಸಿ ಕಚೇರಿಗೆ ಹೋಗಿ, ದೂರು ವಾಪಸ್ಸು, ಹಲಗೆ ಬಯಲಿನ ನಡುವೆಯೇ ಇರಲಿ ಎಂದಳು. ಅಲ್ಲಿಂದ ಗುಡ್ಡದ ಮೆಟ್ಟಿಲು ಹತ್ತಿ ಕುರಾತೊಮಿ-ಸಾನ್ ಮನೆಗೆ. ನಾನೂ ಹಿಂದೆಯೇ ಹೋದೆ, ಬಿಡುವವಳೇ ನಾನು? ಅವರು ಅಂಗಳದಲ್ಲಿ ಮೂಲಂಗಿ ಒಣಹಾಕುತ್ತಿದ್ದರು.

"ಶನಿವಾರ ಒಕಾಯಾಮಾದಿಂದ ಒಂದು ಗುಂಪು ಬರ್ತಿದೆ," ಅಂದಳು ಮಿಸಾವೊ ಗೇಟಿನಿಂದಲೇ. "ಇಸವಿ ನಾನು ಹೇಳ್ತೀನಿ, ನಗಿಸೋದು ನೀವು. ಸೆಯ್ಕಿಚಿಯ ಮಾತು ಹಬ್ಬದ ದಿನಕ್ಕೆ ಇರಲಿ. ಅವತ್ತು ನಾನೂ ನಿಂತು ಕೇಳ್ತೀನಿ. ಉಳಿದ ದಿನ ನಿಮ್ಮದೇ ಹೇಳಿ."

"ನನ್ನದು ಚೆನ್ನಾಗಿಲ್ಲ ಅಂದ್ರಲ್ಲ."

"ಅದಕ್ಕೇ ಅಭ್ಯಾಸ ಮಾಡಿ ಬನ್ನಿ!"

ಅಲ್ಲಿಂದ ಶುರುವಾದದ್ದು ಚಳಿಗಾಲ ದಾಟಿ ಇವತ್ತಿಗೂ ನಡೆದಿದೆ. ಬೆಳಿಗ್ಗೆ ಜಗಳ, ಮಧ್ಯಾಹ್ನ ಊಟ, ಮತ್ತೆ ಜಗಳ. ಮದುವೆ ಯಾವಾಗ ಎಂದು ಕೇಳಿದವರಿಗೆ ಮಿಸಾವೊ, "ಈ ವಯಸ್ಸಲ್ಲಿ ಇನ್ನೊಬ್ಬನ ಕಾಲುಚೀಲ ಒಗೆಯಲಾ?" ಎನ್ನುತ್ತಾಳೆ. ಕುರಾತೊಮಿ-ಸಾನ್ ತಮ್ಮ ಕಾಲುಚೀಲ ತಾವೇ ಒಗೆದುಕೊಳ್ಳುತ್ತಾರೆ ಎಂದು ನಾನು ಒಮ್ಮೆ ಹೇಳಿದ್ದಕ್ಕೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ಮೊನ್ನೆ ಭಾನುವಾರ ತೊಕುಮೊತೊ-ಸಾನ್ ಕರೆದರೆಂದು ಮೂವರೂ ದೋಣಿ ಹತ್ತಿ ಆಚೆಗೆ ಹೋಗಿದ್ದೆವು. ಮಾರುಕಟ್ಟೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವರು ನಮ್ಮನ್ನು ಅಂಗಡಿಯಿಂದ ಅಂಗಡಿಗೆ ಎಳೆದುಕೊಂಡು ಹೋಗಿ, ಬೇಡ ಬೇಡ ಅಂದರೂ ಸುಷಿ ಡಬ್ಬಿ ತುಂಬಿಸಿದರು. ಹೊರಗೆ ಕಟ್ಟೆಯ ಮೇಲೆ ನೀರಿಗೆ ಮುಖ ಮಾಡಿ ಕೂತೆವು. ಬಿಸಿಲು ಹಿತವಾಗಿತ್ತು. ಕುರಾತೊಮಿ-ಸಾನ್ ತಮಗೆ ಬಹಳ ಇಷ್ಟವಾದ ಕೊಬ್ಬಿನ ಟ್ಯೂನ ಮೀನಿನ ಚೂರನ್ನು ಕೊನೆಗೆಂದು ಉಳಿಸಿಕೊಂಡಿದ್ದರು. ಅದನ್ನು ಎತ್ತಿ ಬಾಯಿಯ ಹತ್ತಿರ ತಂದದ್ದಷ್ಟೇ, ಮೇಲಿಂದ ಹದ್ದೊಂದು ಸುಂಯ್ಯೆಂದು ಬಂದು ಕಸಿದುಕೊಂಡು ಹೋಯಿತು. ಅವರು ಖಾಲಿ ಕೈಯನ್ನು ಹಾಗೇ ಹಿಡಿದುಕೊಂಡು ಆಕಾಶ ನೋಡುತ್ತಿದ್ದರು.

ಮಿಸಾವೊ ನಗಲಿಲ್ಲ. ತನ್ನ ಡಬ್ಬಿಯಿಂದ ಅಂಥದೇ ಚೂರನ್ನು ತೆಗೆದು ಅವರ ಡಬ್ಬಿಯ ಮೂಲೆಯಲ್ಲಿಟ್ಟಳು.

"ಬೇಗ ತಿನ್ನಿ," ಅಂದಳು. "ಇನ್ನೂ ಎರಡು ಮೇಲೇ ಸುತ್ತುತ್ತಿವೆ."

ಅವರು ಒಂದೇ ತುತ್ತಿಗೆ ತಿಂದು, ಬಾಯಿ ತುಂಬಿಕೊಂಡೇ ತಲೆದೂಗಿದರು. ಹಡಗೊಂದು ಸೀಟಿ ಹೊಡೆದು ಜಲಸಂಧಿಯ ನಡುವೆ ಹಾದು ಹೋಯಿತು. ನಾವು ಉಳಿದದ್ದನ್ನು ಕೈ ಅಡ್ಡ ಹಿಡಿದುಕೊಂಡು ತಿಂದೆವು.